ಮಿದುಳಿನ ಕೋಟೆಗೆ ಬಿದ್ದ ಕಿಂಡಿ: ಸಕ್ಕರೆ ಮಾತ್ರೆ ಮುಚ್ಚೀತೆ?

ನಮ್ಮ ಪ್ರೆಸ್ಸಿನ ಹಳೇ ಮೆಷಿನ್‌ಮನ್ನಿನ ಮಗ ಹೋದ ಸೋಮವಾರ ಸಂಜೆ ಆಫೀಸಿಗೆ ಬಂದ. ಪತ್ರಿಕೆ ಆಗಷ್ಟೇ ಮೆಷಿನ್ನಿಗೆ ಹೋಗಿತ್ತು, ಟೀ ಬಂದಿತ್ತು. ಹುಡುಗ ಟೀ ಮುಟ್ಟಲಿಲ್ಲ, ಕೂರಲೂ ಇಲ್ಲ. ಜೇಬಿನಿಂದ ಮೊಬೈಲ್ ತೆಗೆದು ನನ್ನ ಮೇಜಿನ ಮೇಲಿಟ್ಟ.

‘ಇದನ್ನ ಓದಿ ಸಾರ್. ಸಕ್ಕರೆ ಕಾಯಿಲೆ ಮಾತ್ರೆ ಮಿದುಳಿನ ಊತ ತಡೆಯುತ್ತೆ ಅಂತ ಬರೆದವ್ರೆ. ನಮ್ಮಜ್ಜಿ ದಿನಾ ನುಂಗ್ತಿದ್ದ ಮಾತ್ರೇನೇ ಅದು. ಮನೆ ಡಬ್ಬೀಲೇ ಇತ್ತು. ಅವತ್ತು ನಮ್ಮಪ್ಪಂಗೆ ಅದನ್ನ ಕೊಟ್ಟಿದ್ರೆ ಈಗ ಮಾತಾಡ್ತಿದ್ನಾ?’

ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟು ಪತ್ರಿಕೆ ಸೇರಿದವನು ನಾನು. ಅವತ್ತು ಉತ್ತರ ಹೇಳಲಾಗಲಿಲ್ಲ. ‘ಒಂದು ವಾರ ಟೈಮ್ ಕೊಡಪ್ಪ’ ಅಂದೆ. ಪರಿಚಯದ ಡಾಕ್ಟರುಗಳ ಬೆನ್ನು ಹತ್ತಿದೆ, ಅವರು ಕೊಟ್ಟ ಕಾಗದಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಗೊತ್ತಾದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ಆ ಹುಡುಗನ ಪ್ರಶ್ನೆ ಅವನೊಬ್ಬನದೇ ಅಲ್ಲ.

ಮೊದಲು ಅವರಪ್ಪನ ವಿಷಯ. ಎರಡು ವರ್ಷದ ಹಿಂದಿನ ಬೇಸಿಗೆ. ಮಧ್ಯಾಹ್ನ ಮೂರು ಗಂಟೆ, ಸಂಜೆ ಪತ್ರಿಕೆಗೆ ಅದೇ ಗಡಿಬಿಡಿ ಹೊತ್ತು. ಕಾಗದದ ರೀಲು ಸರಿಸಲು ಬಗ್ಗಿದ್ದ ಮನುಷ್ಯ ಸರಕ್ಕನೆ ಎದ್ದು ಹಿಂದೆ ತಿರುಗಿ ನೋಡಿದರು. ಯಾರೋ ಒನಕೆಯಿಂದ ಹೊಡೆದರು ಅಂತಲೇ ಅಂದುಕೊಂಡಿದ್ದರಂತೆ. ಹಿಂದೆ ಯಾರೂ ಇರಲಿಲ್ಲ. ಎರಡು ಸಲ ವಾಂತಿ ಆಯಿತು. ಐವತ್ತೆರಡು ವಯಸ್ಸು, ಮೂವತ್ತು ವರ್ಷದ ಬೀಡಿ, ನೆನಪಾದಾಗ ನುಂಗುವ ಬಿ.ಪಿ. ಮಾತ್ರೆ.

ಹತ್ತಿರದ ಕ್ಲಿನಿಕ್ಕೊಂದಕ್ಕೆ ನಾವೇ ಕರೆದುಕೊಂಡು ಹೋದೆವು. ಅದರ ಹೆಸರು ಇಲ್ಲಿ ಬೇಡ. ‘ಬಿಸಿಲು, ಗ್ಯಾಸು’ ಅಂದರು. ಒಂದು ಸೂಜಿ, ನಾಲ್ಕು ಮಾತ್ರೆ, ಮಜ್ಜಿಗೆ ಕುಡೀರಿ ಅಂತ ಸಲಹೆ. ಮಾರನೇ ದಿನ ಕತ್ತು ಬಗ್ಗಿಸಲು ಆಗದಷ್ಟು ಬಿಗಿ. ದಿಂಬು ಸರಿಯಿಲ್ಲ ಅಂತ ಮನೆಯವರು ಎಣ್ಣೆ ತಿಕ್ಕಿದರು. ಮೂರನೇ ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಬಿದ್ದರು. ಆಮೇಲೆ ಆಂಬುಲೆನ್ಸು, ಸಿ.ಟಿ. ಸ್ಕ್ಯಾನು, ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರು. ಮಿದುಳಿನ ಬುಡದಲ್ಲಿ ರಕ್ತನಾಳ ಒಡೆದಿತ್ತು. ತಲೆ ತೆರೆದು ಅಲ್ಲಿಗೊಂದು ಪುಟ್ಟ ಲೋಹದ ಕ್ಲಿಪ್ಪು ಹಾಕಿದರು. ಆಪರೇಷನ್ ಸಕ್ಸಸ್. ಎರಡು ದಿನಕ್ಕೆ ಕಣ್ಣು ಬಿಟ್ಟು ಕಾಫಿ ಕೇಳಿದರು. ‘ಭಾನುವಾರದ ಸಂಚಿಕೆ ಯಾರು ಓಡಿಸಿದ್ರು?’ ಅಂತಲೂ ಕೇಳಿದರು. ಊರಿನಲ್ಲಿ ನಾವೆಲ್ಲ ಸಿಹಿ ಹಂಚಿದೆವು.

ಏಳನೇ ದಿನ ಮಾತು ತೊದಲಿತು. ಎಂಟನೇ ದಿನ ನಿಂತಿತು. ಬಲಗೈ ಸೋತಿತು. ಅವತ್ತಿನಿಂದ ಇವತ್ತಿನವರೆಗೆ ಅವರ ಬಾಯಿಂದ ನಾಲ್ಕೈದು ಪದ ಬಿಟ್ಟರೆ ಬೇರೇನೂ ಬಂದಿಲ್ಲ.

ನಲ್ಲಿ ಸೋರೋದನ್ನ ನಿಲ್ಲಿಸಿದ ಮೇಲೂ ಮನೆ ಯಾಕೆ ಕುಸೀತು? ಮನೆಯವರ ಪ್ರಶ್ನೆ ಇದು.

ಮಿದುಳಿಗೆ ಮೂರು ಹೊದಿಕೆ ಉಂಟು. ಅವುಗಳಲ್ಲಿ ಒಳಗಿನ ಎರಡರ ನಡುವೆ ತಿಳಿನೀರಿನಂಥ ದ್ರವ ತುಂಬಿದ ಜಾಗ, ಆ ನೀರಿನಲ್ಲೇ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಕೆಲವರಿಗೆ ನಾಳ ಕವಲೊಡೆಯುವ ಕಡೆ ಗೋಡೆ ತೆಳುವಾಗಿ, ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಗುಳ್ಳೆ ಏಳುತ್ತದೆ. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಇಂಥ ಗುಳ್ಳೆ ಇರುತ್ತದೆ. ಬಹುತೇಕರಿಗೆ ಅದು ಸಾಯುವ ತನಕ ಏನೂ ತೊಂದರೆ ಕೊಡುವುದಿಲ್ಲ, ಆದ್ದರಿಂದ ಈಗಲೇ ತಲೆ ಮುಟ್ಟಿ ನೋಡಿಕೊಳ್ಳಬೇಡಿ. ಒಡೆದರೆ ಮಾತ್ರ ರಕ್ತ ಆ ತಿಳಿನೀರಿಗೆ ನುಗ್ಗಿ ಮಿದುಳಿನ ಸುತ್ತ ಹರಡುತ್ತದೆ. ಲಕ್ಷ ಜನರಲ್ಲಿ ವರ್ಷಕ್ಕೆ ಆರೋ ಒಂಬತ್ತೋ ಮಂದಿಗೆ ಹೀಗಾಗುತ್ತದೆ ಎಂಬುದು ಹೊರದೇಶದ ಲೆಕ್ಕ. ಹೆಚ್ಚಿನವರು ಐವತ್ತು ಅರವತ್ತರ ಆಸುಪಾಸಿನವರು, ಗಂಡಸರಿಗಿಂತ ಹೆಂಗಸರು ಜಾಸ್ತಿ. ಬೀಡಿ ಸಿಗರೇಟು, ಏರಿದ ಬಿ.ಪಿ. ಅದಕ್ಕೆ ಹಾದಿ ಮಾಡಿಕೊಡುತ್ತವೆ. ಹೀಗಾದವರಲ್ಲಿ ಮೂರಕ್ಕೆ ಒಬ್ಬರು ಬದುಕುವುದಿಲ್ಲ.

ಇಷ್ಟು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಒಂದು ವಾರ ನನ್ನನ್ನು ಸತಾಯಿಸಿದ್ದು ಇದರ ಮುಂದಿನ ವಿಷಯ.

ನಮ್ಮ ಮೈಯ ಬೇರೆ ಕಡೆಯ ಸಣ್ಣ ರಕ್ತನಾಳಗಳು ಒಂದು ರೀತಿಯಲ್ಲಿ ಜರಡಿ. ನೀರು, ಉಪ್ಪು, ಔಷಧಿ ಎಲ್ಲ ಸಂದಿಯಲ್ಲಿ ಆಚೆ ಈಚೆ ಓಡಾಡುತ್ತವೆ. ಮಿದುಳಿನಲ್ಲಿ ಹಾಗಿಲ್ಲ. ಅಲ್ಲಿನ ನಾಳದ ಗೋಡೆಯ ಕಣಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಜರ್ಮನಿಯ ಪಾಲ್ ಎರ್ಲಿಖ್ 1885ರ ಸುಮಾರಿಗೆ ಪ್ರಾಣಿಗಳ ರಕ್ತಕ್ಕೆ ಬಣ್ಣ ಹಾಕಿ ನೋಡಿದ. ಮೈಯೆಲ್ಲ ಬಣ್ಣವಾಯಿತು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಈ ಬಣ್ಣ ಹಿಡಿಸೋದಿಲ್ಲ ಎಂದುಕೊಂಡ ಆತ. ಅವನ ಶಿಷ್ಯ ಗೋಲ್ಡ್‌ಮನ್ 1913ರಲ್ಲಿ ಅದನ್ನೇ ಉಲ್ಟಾ ಮಾಡಿದ, ಬಣ್ಣವನ್ನು ಮಿದುಳಿನ ನೀರಿಗೇ ಹಾಕಿದ. ಈಗ ಮಿದುಳು ನೀಲಿಯಾಯಿತು, ಮೈ ಆಗಲಿಲ್ಲ. ಅಂದಮೇಲೆ ನಡುವೆ ಗೋಡೆ ಇರಲೇಬೇಕಲ್ಲ! ರಕ್ತ-ಮಿದುಳು ತಡೆಗೋಡೆ ಅನ್ನುವುದು ಇದಕ್ಕೇ. ಆ ಬೆಸುಗೆ ಕಣ್ಣಿಗೆ ಕಂಡದ್ದು 1967ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ.

ಒಬ್ಬ ಮನುಷ್ಯನ ಮಿದುಳಿನ ಸಣ್ಣ ನಾಳಗಳನ್ನೆಲ್ಲ ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 600 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಿಂದ ಹೊರಟು ನಮ್ಮೂರು, ಹುಬ್ಬಳ್ಳಿ, ಬೆಳಗಾವಿ ದಾಟಿ ಕೊಲ್ಲಾಪುರದ ತನಕ. ಅಷ್ಟುದ್ದಕ್ಕೂ ಕೋಟೆ ಗೋಡೆ.

ಚಿತ್ರದುರ್ಗದವರಿಗೆ ಕೋಟೆ ವಿಷಯ ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತು ಇದ್ದರೂ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಲ್ಲಿ. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಳಲ್ಲ, ಅಂಥ ಕಾವಲೂ ಈ ಗೋಡೆಯಲ್ಲಿ ಉಂಟು. ಹೇಗೋ ಒಳಗೆ ಬಂದ ಪರಕೀಯ ವಸ್ತುವನ್ನು ಹಿಡಿದು ವಾಪಸು ರಕ್ತಕ್ಕೆ ತಳ್ಳುವ ಪಂಪುಗಳು. ಎಷ್ಟೋ ಔಷಧಿ ಮಿದುಳು ತಲುಪದೇ ಇರುವುದಕ್ಕೆ ಈ ಕಾವಲೇ ಕಾರಣ. ಡಾಕ್ಟರುಗಳಿಗೆ ಅದೊಂದು ತಲೆನೋವು, ನಮ್ಮ ಪುಣ್ಯಕ್ಕೆ ಅದೇ ರಕ್ಷಣೆ.

ಗುಳ್ಳೆ ಒಡೆದ ಕ್ಷಣ ಏನಾಗುತ್ತದೆ ನೋಡಿ. ತಲೆಬುರುಡೆ ಮುಚ್ಚಿದ ಡಬ್ಬಿ, ಹಿಗ್ಗುವುದಿಲ್ಲ. ಒಳಗೆ ರಕ್ತ ನುಗ್ಗಿದ್ದೇ ತಡ ಒತ್ತಡ ಏರಿ, ಕೆಲವು ನಿಮಿಷ ಮಿದುಳಿಗೆ ರಕ್ತವೇ ಸರಿಯಾಗಿ ಏರುವುದಿಲ್ಲ. ಗೋಡೆಯ ಕಣಗಳು ಅಲ್ಲೇ ನರಳಲು ಶುರು. ಹೊರಬಿದ್ದ ರಕ್ತ ಒಡೆದು ಕೊಳೆಯುವಾಗ ಕಬ್ಬಿಣದ ಅಂಶ ಬಿಡುಗಡೆಯಾಗಿ ಇನ್ನಷ್ಟು ಕೆರಳಿಸುತ್ತದೆ. ಉರಿಯೂತ ಹತ್ತುತ್ತದೆ. ಎಂ.ಎಂ.ಪಿ.-9 ಎಂಬ ಕಿಣ್ವವೊಂದು ಗೋಡೆಯ ಅಡಿಪಾಯವನ್ನೇ ಗೆದ್ದಲಿನ ಹಾಗೆ ಮೇಯುತ್ತದೆ. ಬೆಸುಗೆ ಬಿಡುತ್ತದೆ, ರಕ್ತದ ನೀರು, ಪ್ರೋಟೀನು ಮಿದುಳಿನೊಳಗೆ ಜಿನುಗುತ್ತದೆ. ಮಿದುಳು ಊದುತ್ತದೆ. ಊದಲು ಜಾಗ ಎಲ್ಲಿದೆ? ಇದೆಲ್ಲ ಆಗುವುದು ಮೊದಲ ಮೂರು ದಿನದಲ್ಲಿ, ಬಹುಪಾಲು ಮೊದಲ ಕೆಲವು ಗಂಟೆಗಳಲ್ಲಿ. ಆಪರೇಷನ್ ಟೇಬಲ್ಲಿಗೆ ಹೋಗುವ ಮುಂಚೆಯೇ.

ಆಮೇಲೆ ಎರಡನೇ ಕಂಟಕ. ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದ ನಡುವೆ, ರಕ್ತದಲ್ಲಿ ನೆನೆದ ದೊಡ್ಡ ನಾಳಗಳು ಸೆಟೆದುಕೊಂಡು ಸಣ್ಣಗಾಗಬಹುದು. ಮೊದಲೇ ಜಖಂ ಆಗಿರುವ ಮಿದುಳಿಗೆ ರಕ್ತ ಸಾಲುವುದಿಲ್ಲ. ನಮ್ಮ ಮೆಷಿನ್‌ಮನ್ ಏಳನೇ ದಿನ ತೊದಲಿದ್ದು ಇದಕ್ಕೇ. ಕ್ಲಿಪ್ಪು ಜಾಗ ಬಿಟ್ಟು ಅಲುಗಾಡಿರಲಿಲ್ಲ. ಡಾಕ್ಟರರ ಕೈ ತಪ್ಪಿತು ಅಂತ ಎರಡು ವರ್ಷ ನಾವೆಲ್ಲ ಮಾತಾಡಿಕೊಂಡದ್ದು ಸುಳ್ಳು ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಇನ್ನು ಸಕ್ಕರೆ ಮಾತ್ರೆಗೆ ಬರೋಣ.

ಗ್ಲಿಬೆನ್‌ಕ್ಲಮೈಡ್ ಅಂತ ಅದರ ಹೆಸರು. ಡಯೋನಿಲ್ ಅಂದರೆ ಹಳಬರಿಗೆ ತಕ್ಷಣ ಗೊತ್ತಾಗುತ್ತದೆ. 1960ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ದುಬಾರಿಯೂ ಅಲ್ಲ. ಅದು ಮೇದೋಜ್ಜೀರಕದ ಕಣಗಳ ಮೇಲಿರುವ ‘ಸರ್-1’ ಎಂಬ ಕೀಲಿಗೆ ಕೂತು ಇನ್ಸುಲಿನ್ ಹೊರಡಿಸುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಮಾರ್ಕ್ ಸಿಮಾರ್ಡ್ ಎಂಬ ಮಿದುಳು ಶಸ್ತ್ರವೈದ್ಯರು ಒಂದು ಸಂಗತಿ ಕಂಡರು. ಆರೋಗ್ಯವಂತ ಮಿದುಳಿನಲ್ಲಿ ಹೆಚ್ಚುಕಡಿಮೆ ಕಾಣಿಸದ ಇದೇ ಸರ್-1, ಪೆಟ್ಟಾದ ಮಿದುಳಿನಲ್ಲಿ ಹೊಸದಾಗಿ ಹುಟ್ಟಿಕೊಳ್ಳುತ್ತದೆ! ಅದು ಅಲ್ಲಿ ಇನ್ನೊಂದು ಬಾಗಿಲಿನ ಜತೆ ಸೇರಿ ಸೋಡಿಯಂ ಉಪ್ಪನ್ನು ಕಣದೊಳಗೆ ಬಿಡುತ್ತದೆ. ಉಪ್ಪಿನ ಹಿಂದೆ ನೀರು. ಗೋಡೆಯ ಕಣ ಊದಿ ಒಡೆಯುತ್ತದೆ. ಹಾಗಾದರೆ ಸಕ್ಕರೆ ಮಾತ್ರೆಯಿಂದ ಆ ಬಾಗಿಲು ಮುಚ್ಚಿಸಿದರೆ? 2006ರಲ್ಲಿ ಪಾರ್ಶ್ವವಾಯು ಮಾಡಿಸಿದ ಇಲಿಗಳಲ್ಲಿ ನೋಡಿದರು, ಊತ ಇಳಿಯಿತು. 2009ರಲ್ಲಿ ಮಿದುಳಿನ ಸುತ್ತ ರಕ್ತಸ್ರಾವ ಮಾಡಿಸಿದ ಇಲಿಗಳಲ್ಲಿ ನೋಡಿದರು. ಅಲ್ಲೂ ಗೋಡೆ ಸೋರುವುದು ಕಡಿಮೆಯಾಯಿತು, ಉರಿಯೂತ ತಗ್ಗಿತು.

ಹುಡುಗ ಮೊಬೈಲಿನಲ್ಲಿ ಓದಿದ್ದು ಇಲ್ಲಿಯ ತನಕ. ಸುಳ್ಳೇನಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ.

ಬ್ರೆಜಿಲ್ ದೇಶದ ಸಾವೊ ಪೌಲೊ ನಗರದ ವೈದ್ಯರು ಇದನ್ನು ಮನುಷ್ಯರಲ್ಲೇ ಪರೀಕ್ಷಿಸಿದರು. ಗುಳ್ಳೆ ಒಡೆದ 78 ರೋಗಿಗಳು. 38 ಮಂದಿಗೆ ದಿನಕ್ಕೆ 5 ಮಿಲಿಗ್ರಾಂ ಗ್ಲಿಬೆನ್‌ಕ್ಲಮೈಡ್, 40 ಮಂದಿಗೆ ನೋಡಲು ಹಾಗೇ ಇರುವ ಸುಳ್ಳು ಮಾತ್ರೆ. 21 ದಿನ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಆರು ತಿಂಗಳ ನಂತರ ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಫಲಿತಾಂಶ 2022ರಲ್ಲಿ ಅಚ್ಚಾಯಿತು. ರಕ್ತ ಹೆಪ್ಪುಗಟ್ಟಿ ಬರುವ ದೊಡ್ಡ ಪಾರ್ಶ್ವವಾಯುವಿಗೆ ಇದೇ ಔಷಧಿಯನ್ನು ನರಕ್ಕೆ ಕೊಟ್ಟು ನೋಡಿದ ಇನ್ನೂ ದೊಡ್ಡ ಪರೀಕ್ಷೆ ಅರ್ಧಕ್ಕೇ ನಿಂತಿತು. 2024ರಲ್ಲಿ ಹೊರಬಂದ ಅದರ ಲೆಕ್ಕವೂ ಗೆಲುವಿನದಲ್ಲ.

ಇಲಿಗೆ ಆದದ್ದು ಮನುಷ್ಯನಿಗೆ ಯಾಕಾಗಲಿಲ್ಲ? ಒಂದು, ಇಲಿಗೆ ರಕ್ತಸ್ರಾವ ಮಾಡಿಸುವವರೇ ಔಷಧಿಯನ್ನೂ ಕೊಡುತ್ತಾರೆ, ಗಡಿಯಾರ ಅವರ ಕೈಯಲ್ಲಿ. ಬ್ರೆಜಿಲ್ಲಿನಲ್ಲಿ ಸ್ರಾವವಾಗಿ 96 ಗಂಟೆಯೊಳಗೆ ಬಂದವರನ್ನೆಲ್ಲ ಸೇರಿಸಿದರು. ಅಂದರೆ ನಾಲ್ಕು ದಿನ. ಗೋಡೆ ಬಿರುಕು ಬಿಡುವುದು ಮೊದಲ ಗಂಟೆಗಳಲ್ಲಿ ಎಂದು ಆಗಲೇ ಹೇಳಿದೆನಲ್ಲ. ಎರಡು, ಡೋಸು ಏರಿಸಿದರೆ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದರೆ ಜಖಂ ಆದ ಮಿದುಳಿಗೆ ಇನ್ನೊಂದು ಏಟು. ಮೂರು, ಪ್ರಯೋಗದ ಇಲಿ ಎಳೆಯದು, ಬೀಡಿ ಸೇದಿಲ್ಲ, ಬಿ.ಪಿ. ಇಲ್ಲ. ಇನ್ನು 78 ಮಂದಿ ಅನ್ನುವುದೂ ದೊಡ್ಡ ಸಂಖ್ಯೆಯಲ್ಲ. ಸಣ್ಣ ಲಾಭ ಇದ್ದರೆ ಅಷ್ಟು ಜನರಲ್ಲಿ ಕಣ್ಣಿಗೆ ಬೀಳದೇ ಹೋಗಬಹುದು. ಹಾಗಾಗಿ ವಿಜ್ಞಾನಿಗಳು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಆದರೆ ಇವತ್ತಿಗೆ ಇದು ಚಿಕಿತ್ಸೆ ಅಲ್ಲ.

ಸೋತದ್ದು ಇದೊಂದೇ ಅಲ್ಲ. ಕೊಲೆಸ್ಟರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ನಾಳದ ಗೋಡೆಗೆ ಒಳ್ಳೆಯದೆಂದು 803 ರೋಗಿಗಳಲ್ಲಿ ನೋಡಿದರು, 2014ರಲ್ಲಿ ‘ಲಾಭವಿಲ್ಲ’ ಎಂದು ತೀರ್ಪು. ಮೆಗ್ನೀಸಿಯಂ 2012ರಲ್ಲಿ 1,204 ಮಂದಿಯಲ್ಲಿ ಸೋತಿತು. ಕ್ಲಾಜೊಸೆಂಟಾನ್ ಎಂಬುದು ನಾಳ ಸೆಟೆಯುವುದನ್ನು ಚೆನ್ನಾಗಿಯೇ ತಡೆಯಿತು, ಆದರೂ ಬೇರೆ ದೇಶಗಳ ದೊಡ್ಡ ಪರೀಕ್ಷೆಗಳಲ್ಲಿ ರೋಗಿಗಳ ಗತಿ ಸುಧಾರಿಸಲಿಲ್ಲ. ಜಪಾನ್ ಮಾತ್ರ ತನ್ನಲ್ಲಿ ನಡೆದ ಪರೀಕ್ಷೆ ನಂಬಿ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಮೊಡವೆಗೆ ಕೊಡುವ ಮಿನೊಸೈಕ್ಲಿನ್ ಆ ಗೆದ್ದಲು ಕಿಣ್ವವನ್ನು ಕಟ್ಟಿಹಾಕುತ್ತದೆ, ಅದೂ ಇಲಿಯಲ್ಲಿ.

ಗೆದ್ದದ್ದು ಯಾವುದು ಎಂದರೆ ನಿಮೊಡಿಪಿನ್. ಬ್ರಿಟನ್ನಿನಲ್ಲಿ 554 ರೋಗಿಗಳಲ್ಲಿ ನಡೆದ ಪರೀಕ್ಷೆ 1989ರಲ್ಲಿ ಹೊರಬಂತು. ಸುಳ್ಳು ಮಾತ್ರೆ ತಗೊಂಡ ನೂರರಲ್ಲಿ 33 ಮಂದಿ ಸಾವಿಗೋ ತೀವ್ರ ಅಂಗವಿಕಲತೆಗೋ ಈಡಾದರೆ, ನಿಮೊಡಿಪಿನ್ ತಗೊಂಡವರಲ್ಲಿ 20. ತಮಾಷೆ ಅಂದರೆ, ನಾಳ ಸೆಟೆಯದಿರಲಿ ಅಂತ ಕೊಟ್ಟ ಈ ಔಷಧಿ ಸ್ಕ್ಯಾನಿನಲ್ಲಿ ನೋಡಿದರೆ ನಾಳವನ್ನು ಅಷ್ಟೇನೂ ಅಗಲ ಮಾಡಿರುವುದಿಲ್ಲ. ಆದರೂ ರೋಗಿ ಸುಧಾರಿಸುತ್ತಾನೆ. ಕಣಗಳೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಮಿದುಳನ್ನೇ ನೇರವಾಗಿ ಕಾಪಾಡುತ್ತದೆ ಎಂಬುದು ಒಂದು ವಾದ. ಗೋಡೆಗೆ ಗಾರೆ ಹಚ್ಚುವ ಔಷಧಿ ಎಂದು ಇದನ್ನು ಕರೆಯುವಂತಿಲ್ಲ.

ಇದನ್ನು ಕೊಡುವ ಕ್ರಮವೂ ಸಣ್ಣದಲ್ಲ. ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂ, 21 ದಿನ. 30 ಮಿಲಿಗ್ರಾಂ ಮಾತ್ರೆಯಾದರೆ ಒಟ್ಟು 252. ರಾತ್ರಿ ಹನ್ನೆರಡಕ್ಕೂ ಎಬ್ಬಿಸಬೇಕು, ಬೆಳಗಿನ ಜಾವ ನಾಲ್ಕಕ್ಕೂ ಎಬ್ಬಿಸಬೇಕು. ಬಿ.ಪಿ. ಇಳಿದರೆ ಡಾಕ್ಟರು ಅರ್ಧರ್ಧ ಮಾಡಿ ಎರಡು ಗಂಟೆಗೊಮ್ಮೆ ಕೊಡಿಸುತ್ತಾರೆ. ಕ್ಯಾಪ್ಸೂಲಿನೊಳಗಿನ ದ್ರವವನ್ನು ಸಿರಿಂಜಿಗೆ ಎಳೆದು ಪ್ರಜ್ಞೆಯಿಲ್ಲದ ರೋಗಿಯ ಮೂಗಿನ ನಳಿಕೆಗೆ ಹಾಕುವ ಬದಲು ತಪ್ಪಿ ನರಕ್ಕೆ ಚುಚ್ಚಿ ಪ್ರಾಣ ಹೋದ ಪ್ರಸಂಗಗಳು ಅಮೆರಿಕದಲ್ಲಿ ಆಗಿವೆ. ಅಲ್ಲಿ ಅದರ ಪೊಟ್ಟಣದ ಮೇಲೇ ಎಚ್ಚರಿಕೆ ಅಚ್ಚು ಹಾಕಿಸಿದ್ದಾರೆ. ಬೆಂಗಳೂರಿನಿಂದ ಡಿಸ್ಚಾರ್ಜ್ ಮಾಡಿಸಿಕೊಂಡು ಬಂದ ಮೇಲೆ ‘ತಲೆನೋವು ಹೋಯ್ತಲ್ಲ’ ಅಂತ ಹತ್ತನೇ ದಿನಕ್ಕೇ ಈ ಮಾತ್ರೆ ನಿಲ್ಲಿಸುವವರು ನಮ್ಮ ಕಡೆ ಇದ್ದಾರೆ. ನಿಲ್ಲಿಸಬಾರದು.

ಔಷಧಿಯಲ್ಲದ ಒಂದು ದಾರಿಯೂ ಈಚೆಗೆ ಗೆದ್ದಿದೆ. ಬೆನ್ನುಹುರಿ ಕೆಳಗೆ ಸಣ್ಣ ನಳಿಕೆ ಇಟ್ಟು, ರಕ್ತ ಬೆರೆತ ಆ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬಸಿಯುವುದು. ಮುಖ್ಯವಾಗಿ ಜರ್ಮನಿಯಲ್ಲಿ 287 ಮಂದಿಯಲ್ಲಿ ನಡೆದ ಈ ಪರೀಕ್ಷೆ 2023ರಲ್ಲಿ ಅಚ್ಚಾಯಿತು. ನಳಿಕೆ ಇಲ್ಲದವರಲ್ಲಿ ನೂರಕ್ಕೆ ಸುಮಾರು 45 ಮಂದಿಯ ಗತಿ ಕೆಟ್ಟಿದ್ದರೆ ಇಟ್ಟವರಲ್ಲಿ 33. ಗೋಡೆ ರಿಪೇರಿ ಮಾಡುವ ಮೊದಲು ಗೋಡೆ ಕೊರೆಯುತ್ತಿರುವ ಕೊಳಕನ್ನು ತೆಗೆಯುವುದು. ನಮ್ಮ ಮನೆ ಮೋರಿಗೂ ನಾವು ಮಾಡುವುದು ಇದನ್ನೇ. ಆದರೆ ಗುಳ್ಳೆಯ ಬಾಯಿ ಮುಚ್ಚಿದ ಮೇಲಷ್ಟೇ ಮಾಡುವ ಕೆಲಸ ಇದು, ದೊಡ್ಡ ಆಸ್ಪತ್ರೆಯಲ್ಲಿ.

ಭಾನುವಾರ ಅವರ ಮನೆಗೆ ಹೋಗಿ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಡಬ್ಬಿಯಲ್ಲಿದ್ದ ಮಾತ್ರೆ ಅವತ್ತು ಕೊಟ್ಟಿದ್ದರೆ ಮಾತು ಉಳಿಯುತ್ತಿತ್ತು ಅನ್ನುವುದಕ್ಕೆ ಆಧಾರ ಇಲ್ಲ. ಸಕ್ಕರೆ ಕಾಯಿಲೆ ಇಲ್ಲದ, ವಾಂತಿ ಮಾಡಿಕೊಂಡು ಹೊಟ್ಟೆ ಖಾಲಿಯಿದ್ದ ಮನುಷ್ಯನಿಗೆ ಮನೆಯಲ್ಲೇ ಅದನ್ನು ನುಂಗಿಸಿದ್ದರೆ ಸಕ್ಕರೆ ಇಳಿದು ಅಲ್ಲೇ ಕೈಬಿಟ್ಟು ಹೋಗುವ ಸಂಭವ ಇತ್ತು. ‘ನೀನು ಕೊಡದೇ ಇದ್ದದ್ದು ತಪ್ಪಲ್ಲ ಕಣಪ್ಪ’ ಅಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಾಗಾದ್ರೆ ಯಾವುದು ತಪ್ಪು ಸಾರ್?’

ಇದಕ್ಕೆ ಉತ್ತರ ಗೊತ್ತಿತ್ತು, ಹೇಳಲು ನಾಲಗೆ ಹೊರಳಲಿಲ್ಲ. ಸೋಮವಾರ ಮಧ್ಯಾಹ್ನ ಮೂರರಿಂದ ಬುಧವಾರ ಬೆಳಗಿನ ತನಕ ಕಳೆದ ನಲವತ್ತು ಗಂಟೆ. ಅದರಲ್ಲಿ ಕ್ಲಿನಿಕ್ಕಿನ ಪಾಲಿದೆ, ಎಣ್ಣೆ ತಿಕ್ಕಿದವರ ಪಾಲಿದೆ, ಅವತ್ತು ಪಕ್ಕದಲ್ಲೇ ನಿಂತು ‘ಬಿಸಿಲಿಗೆ ಹಂಗೆ ಆಗುತ್ತೆ’ ಅಂದ ನನ್ನ ಪಾಲೂ ಇದೆ. ಬದುಕಿನಲ್ಲಿ ಎಂದೂ ಕಾಣದಂಥ ತಲೆನೋವು, ಸೆಕೆಂಡುಗಳಲ್ಲಿ ನೆತ್ತಿಗೇರಿದ್ದು, ಜತೆಗೆ ವಾಂತಿ, ಕತ್ತು ಬಿಗಿ, ರೆಪ್ಪೆ ಜೋಲುವುದು ಅಥವಾ ಪ್ರಜ್ಞೆ ತಪ್ಪುವುದು. ಅದು ಗ್ಯಾಸು ಅಲ್ಲ. ಆರು ಗಂಟೆಯೊಳಗೆ ಒಳ್ಳೇ ಯಂತ್ರದಲ್ಲಿ ತೆಗೆದ ಸಿ.ಟಿ.ಯಲ್ಲಿ ಈ ರಕ್ತ ತಪ್ಪಿಸಿಕೊಳ್ಳುವುದು ಬಲು ಅಪರೂಪ. ತಡವಾದಷ್ಟೂ ಅದು ಮಸುಕಾಗುತ್ತದೆ, ಆಗ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಒಡೆದ ಗುಳ್ಳೆ ಎರಡನೇ ಸಲ ಒಡೆಯುವ ಭಯ ಜಾಸ್ತಿ ಇರುವುದೂ ಮೊದಲ 24 ಗಂಟೆಯಲ್ಲೇ. ನಮ್ಮ ಮನುಷ್ಯ ಹಲ್ಲುಜ್ಜುತ್ತಾ ಬಿದ್ದದ್ದು ಎರಡನೇ ಸ್ರಾವಕ್ಕೆ ಅಂತ ಬೆಂಗಳೂರಿನ ಕಾಗದದಲ್ಲಿ ಬರೆದಿದೆ. ಒಬ್ಬ ಡಾಕ್ಟರ ಕೈಲಿ ಓದಿಸಿದ ಮೇಲೆ ಈ ವಾರವಷ್ಟೇ ನನಗೆ ಗೊತ್ತಾಯಿತು.

108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಅದು ನಮ್ಮ ರಾಜ್ಯದಲ್ಲಿ 2008ರಿಂದಲೂ ಇದೆ. ಪ್ರೆಸ್ಸಿನ ಗೋಡೆ ಮೇಲೆ ಆ ನಂಬರು ಬರೆದೇ ಇತ್ತು. ಅವತ್ತು ಯಾರಿಗೂ ಹೊಳೆಯಲಿಲ್ಲ.

ನಾವು ಮಾತಾಡುವಾಗ ಮೆಷಿನ್‌ಮನ್ ಜಗಲಿ ಮೇಲೆ ಕೂತು ಎಡಗೈಯಲ್ಲಿ ಹಿಂದಿನ ದಿನದ ನಮ್ಮ ಪತ್ರಿಕೆ ತಿರುವಿ ಹಾಕುತ್ತಿದ್ದರು. ಅಕ್ಷರ ಓದಲು ಆಗುವುದಿಲ್ಲ. ಮೂರನೇ ಪುಟಕ್ಕೆ ಬಂದು ನಿಂತರು. ಒಂದು ಫೋಟೋ ಮೇಲೆ ಹೆಬ್ಬೆರಳಿಟ್ಟು ನನ್ನ ಕಡೆ ತೋರಿಸಿ ಬಿಡದೆ ತಟ್ಟಿದರು. ಬಗ್ಗಿ ನೋಡಿದರೆ ಕೆಂಪು ಬಣ್ಣ ಒಂದು ಕೂದಲೆಳೆ ಬಲಕ್ಕೆ ಸರಿದು ಕೂತಿತ್ತು.

‘ದಿನಾ ಒಂದಾದ್ರೂ ತಪ್ಪು ಹಿಡೀತಾನೆ ಸಾರ್’ ಅಂದ ಮಗ.

ಅಲ್ಲಿಂದಲೇ ಪ್ರೆಸ್ಸಿಗೆ ಫೋನ್ ಮಾಡಿ ಪ್ಲೇಟು ಸರಿ ಮಾಡಲು ಹೇಳಿದೆ.